ಮಣಿಕಟ್ಟಿನ ಸ್ಕ್ಯಾನಿಂಗ್

ನನಗೆ ಸಂಶಯ ಜಾಸ್ತಿ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು. ಮದುವೆ ಗೊತ್ತಾದಾಗಿನಿಂದ ಅಳುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡು, ಹೊಸಪೇಟೆಗೆ ಡಾಕ್ಟರ ಹತ್ತಿರ ಹೋಗೋಣ ಎಂದರೆ ಸುಮ್ಮನೆ ನಂಬುತ್ತೇನೆಯೇ?

ಗಂಡಿನವರು ಸಂಡೂರಿನವರು, ನನ್ನ ಗಂಡನ ಸ್ವಂತ ಅಕ್ಕನ ಮನೆಯವರು. ಶಾಲೆಯ ಲೆಕ್ಕದಲ್ಲಿ ಮಗಳಿಗೆ ಜೂನ್ ಒಂದಕ್ಕೆ ಹದಿನೆಂಟು ತುಂಬುತ್ತಿತ್ತು. ಅದೇ ತಿಂಗಳಲ್ಲಿ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡುವುದೆಂದು ಮಾತಾಗಿತ್ತು. ನೋಡಲು ಬಂದಿದ್ದ ಆ ಅತ್ತಿಗೆ ಹೋಗುವಾಗ, "ಹುಡುಗಿ ಸ್ವಲ್ಪ ಗಿಡ್ಡ ಆತು, ಇರ್ಲಿ ಬಿಡ್ರಿ" ಎಂದು ಚುಚ್ಚಿ ಹೋಗಿದ್ದಳು. ಮಗಳು ಅದನ್ನೇ ಹಿಡಿದಳು.

"ಅಮ್ಮಾ, ನಾ ಇನ್ನೂ ಬೆಳಿತೀನೋ ಇಲ್ಲೋ, ಎಲುಬು ನೋಡಿ ಹೇಳ್ತಾರಂತ."

ಈ ಮದುವೆಯೇ ಬೇಡ ಎನ್ನುವವಳಿಗೆ ಎತ್ತರದ ಚಿಂತೆ ಯಾಕೆ? ಹೊಸಪೇಟೆಯಲ್ಲಿ ಯಾವನಾದರೂ ಕಾಯುತ್ತಿರಬೇಕು ಎಂದುಕೊಂಡೆ. ನಮ್ಮೂರು ಕಂಪ್ಲಿಯಲ್ಲಿ ಬಸ್ಸು ಹತ್ತುವ ಮೊದಲೇ ಅವಳ ಫೋನು ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿದೆ. ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಹಿಂದೆ ಕುಳಿತ ಹುಡುಗರನ್ನೆಲ್ಲ ತಿರುಗಿ ತಿರುಗಿ ನೋಡಿದೆ. ಪಾಪ, ಅವರು ಮಲಗಿದ್ದರು.

ಎಕ್ಸ್‌ರೇ ತೆಗೆಯುತ್ತಾರೆ ಎಂದುಕೊಂಡಿದ್ದರೆ ಡಾಕ್ಟರಮ್ಮ ಮೊದಲು ಸ್ಕ್ಯಾನಿಂಗ್ ಮಾಡೋಣ ಎಂದರು. ನಮ್ಮ ಕಡೆ ಹೆಂಗಸರಿಗೆ ಸ್ಕ್ಯಾನಿಂಗ್ ಎಂದರೆ ಒಂದೇ ಅರ್ಥ. ಹೊರಗೆ ಬೆಂಚಿನ ಮೇಲೆ ಕುಳಿತವರೆಲ್ಲ ಬಸುರಿಯರು. ಅವರ ಎದುರು ಮದುವೆ ಗೊತ್ತಾದ ಮಗಳು! ಕಂಪ್ಲಿಯವರು ಯಾರಾದರೂ ನೋಡಿದರೆ ಊರೆಲ್ಲ ಡಂಗುರ. ನಾನು ಸೆರಗು ಹೊದ್ದು, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಉಸ್ಸಪ್ಪಾ ಎನ್ನುತ್ತ ಕುಳಿತೆ. ಈ ವಯಸ್ಸಿನಲ್ಲಿ ಇವಳಿಗೇನು ಬಂತು ಎಂದು ನನ್ನನ್ನೇ ಆಡಿಕೊಳ್ಳಲಿ. ಮಗಳು ಮುಖ ತಿರುಗಿಸಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಅವತ್ತೇ.

ಒಳಗೆ ಡಾಕ್ಟರಮ್ಮ ಅವಳ ಎಡಗೈ ಮಣಿಕಟ್ಟಿಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರದ ಹಿಡಿಯನ್ನು ಆಡಿಸಿದರು.

"ಕೈಯಾಗ ಏನು ಕಾಣ್ತೈತ್ರೀ?" ಎಂದೆ.

"ಇಲ್ಲಿ ನೋಡ್ರಿ. ಎಲುಬಿನ ತುದಿಗೂ ಎಲುಬಿಗೂ ನಡುವೆ ಸಂದು ಐತಿ. ಬೆಳೆಯೋದು ಮುಗಿದ ಮ್ಯಾಲೆ ಇದು ಕೂಡ್ಕೊಂಡು ಮುಚ್ಚತೈತಿ. ನಿಮ್ಮ ಮಗಳದು ಇನ್ನೂ ಚೆನ್ನಾಗಿ ತೆರೆದೈತಿ. ಚೀಟ್ಯಾಗ ಹದಿನೆಂಟು ಅಂತ ಬರ್ಸೀರಿ, ಖರೇನ?"

ನಾನು ಬಾಯಿ ಬಿಡುವ ಮೊದಲೇ ಮಗಳು ಕೇಳಿದಳು. "ಮೇಡಮ್, ಹದಿನೆಂಟಾಗಿಲ್ಲ ಅಂತ ನಮ್ಮಪ್ಪಗ ಫೋನ್ ಮಾಡಿ ಹೇಳ್ತೀರೇನ್ರಿ?"

ಓಹೋ! ಸಂಚು ಆಗ ತಿಳಿಯಿತು. ಎತ್ತರವೂ ಇಲ್ಲ, ಹುಡುಗನೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಸಾಕ್ಷಿ.

ಡಾಕ್ಟರಮ್ಮ ತಲೆಯಾಡಿಸಿದರು. "ಎಲುಬು ಹುಟ್ಟಿದ ದಿನ ಹೇಳಲ್ಲವ್ವಾ. ಕೆಲವರದು ತಡವಾಗಿ ಮುಚ್ಚತೈತಿ. ಇದು ಬರೀ ಅಂದಾಜು. ಹುಟ್ಟಿದ ದಿನ ಹಡೆದವರಿಗೇ ಗೊತ್ತು."

ಇಬ್ಬರೂ ನನ್ನ ಕಡೆ ನೋಡಿದರು.

ನನಗೆ ಗೊತ್ತಿರದೆ ಏನು? ಎಮ್ಮಿಗನೂರಿನ ತವರಿನಲ್ಲಿ ಎಳ್ಳಮಾವಾಸ್ಯೆಯ ದಿನ ಹೆತ್ತವಳು ನಾನು. ಅವಳಣ್ಣನ ಜೊತೆ ಹೋಗಲಿ ಎಂದು ನಮ್ಮತ್ತೆ ಅವಳನ್ನು ವಯಸ್ಸು ತುಂಬುವ ಮೊದಲೇ ಶಾಲೆಗೆ ಎಳೆದುಕೊಂಡು ಹೋದರು. ಮೇಷ್ಟ್ರು ಸೇರಿಸಿಕೊಳ್ಳಲು ಒಂದೂವರೆ ವರ್ಷ ವಯಸ್ಸು ಕೂಡಿಸಿ ಜೂನ್ ಒಂದು ಎಂದು ಬರೆದುಕೊಂಡರು. ಅಂದಿನಿಂದ ಮನೆಯಲ್ಲಿ ಅದೇ ಖಾಯಂ. ಹಬ್ಬದ ದಿನ ಪಟ್ಟ ಹೆರಿಗೆ ನೋವಿಗಿಂತ ಮೇಷ್ಟ್ರ ಜೂನ್ ಒಂದೇ ದೊಡ್ಡದಾಯಿತು.

ಚೀಲದಿಂದ ಅವಳ ಫೋನು ತೆಗೆದು ಗಂಡನಿಗೆ ಹಚ್ಚಿದೆ.

"ಹದಿನೆಂಟಕ್ಕ ಇನ್ನೂ ಒಂದೂವರೆ ವರ್ಷ ಐತಿ. ಮದುವಿ ಆಗಲ್ಲ."

"ಏನಾತು ನಿನಗ? ಸಾಲ್ಯಾಗ ಜೂನ್ ಒಂದು ಅಂತ ಐತಲ್ಲ?"

"ಊರಾಗಿನ ಅರ್ಧ ಹುಡುಗ್ರು ಜೂನ್ ಒಂದಕ್ಕೇ ಹುಟ್ಟ್ಯಾರ, ನಿಮ್ಮನ್ನೂ ಹಿಡ್ದು! ಈಕಿನ್ನ ಹಡೆದಾಕಿ ನಾನು, ಮೇಷ್ಟ್ರಲ್ಲ."

ಅವರ ದನಿ ಇಳಿಯಿತು. "ಅಕ್ಕಗ ಏನಂತ ಹೇಳ್ಲಿ?" ಎಂದರು.

"ಹುಡುಗಿ ಇನ್ನೂ ಬೆಳಿಯಾಕ ಹತ್ತ್ಯಾಳ ಅಂತ ಹೇಳ್ರಿ."

ಅತ್ತಿಗೆ ಇವತ್ತಿಗೂ ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ಮುಟ್ಟದಿದ್ದರೆ ಬಿಡಲಿ. ಮಗಳು ಈಗ ಹೊಸಪೇಟೆಯಲ್ಲೇ ಕಾಲೇಜಿಗೆ ಹೋಗುತ್ತಾಳೆ.

ಅವತ್ತು ವಾಪಸ್ ಬಸ್ಸಿನಲ್ಲಿ ಫೋನು ಅವಳ ಕೈಗೆ ಕೊಟ್ಟು, ಕೇಳದೆ ಇರಲಾರದೆ ಕೇಳಿದೆ. "ಅಲ್ಲಲೇ, ನಾ ಹಡೆದಾಕಿ ಮನ್ಯಾಗ ಇದ್ದೆ. ನನ್ನ ಬಿಟ್ಟು ಎಲುಬಿನ ಸಾಕ್ಷಿ ಯಾಕ ಬೇಕಾತು ನಿನಗ?"

ಅವಳು ಮಣಿಕಟ್ಟನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಹೇಳಿದಳು. "ನೀ ಹೇಳ್ತಿ ಅಂತ ನನಗ ನಂಬಿಕಿ ಇದ್ದಿಲ್ಲಮ್ಮ."