ಬಸ್ ಹತ್ತಿದ ಮಗ್ಗ

೨೦೦೬ರಲ್ಲಿ ನಾನು ಕೊಯಮತ್ತೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳ ಹೊಣೆಯೂ ನನ್ನದೇ. ಆ ವರ್ಷದ ಸಂಚಿಕೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಶನಿವಾರದ ಕಥಾಕೂಟದಲ್ಲಿ ಒಂದು ತಮಾಷೆಯ ಸಣ್ಣಕಥೆಯನ್ನು ಸಾಲುಸಾಲಾಗಿ ಓದಿಸಿದೆ. ಗುಮಾಸ್ತನ ಬದಲು ಅವನ ಕೊಡೆ ಕಚೇರಿಗೆ ಹೋಗುತ್ತದೆ. ಯಾರೂ ಬೆರಗಾಗುವುದಿಲ್ಲ, ನೆಲ ಒದ್ದೆ ಮಾಡಿತೆಂದು ಜವಾನ ಬೈಯುತ್ತಾನೆ, ಅಷ್ಟೆ. ಆ ಬೈಗುಳದಿಂದಲೇ ನಾವು ಕೊಡೆಯನ್ನು ನಂಬುತ್ತೇವೆ. ಸುಳ್ಳು ಒಂದೇ ಇರಲಿ, ಸುತ್ತಲಿನದೆಲ್ಲ ನಿಜವಿರಲಿ ಎಂದೆ.

ಅದನ್ನು ಗಟ್ಟಿಯಾಗಿ ಹಿಡಿದವಳು ಹತ್ತಿರದ ನೆಗಮಂ ಊರಿನ ನೇಕಾರರ ಹುಡುಗಿ ಸರೋಜಾ. ಮನೆಮಾತು ಕನ್ನಡ, ಲಿಪಿ ಬಾರದು. ತಮಿಳು ಅಕ್ಷರದಲ್ಲೇ ಕನ್ನಡ ಕಥೆ ಬರೆದು ತಂದಳು. ನಾನು ಕನ್ನಡ ಲಿಪಿಗೆ ಇಳಿಸಿದೆ. ಅವರ ಮನೆಯಲ್ಲಿ ಅಜ್ಜಿಯ ಕೈಮಗ್ಗವನ್ನು ಬಿಚ್ಚಿ ಸೌದೆಗೆ ಹಾಕಿದ್ದರು. ಕಥೆಯಲ್ಲಿ ಮಗ್ಗ ಅದಕ್ಕೆ ಮೊದಲೇ ಮುನಿಸಿಕೊಂಡು ಕಿಣತ್ತುಕಡವಿನ ಅತ್ತೆ ಮನೆಗೆ ಬಸ್ ಹತ್ತುತ್ತದೆ. ನೇಕಾರರು ಮಗ್ಗವನ್ನು ಬರಿದಾಗಿಸುವುದಿಲ್ಲ, ಹೊಸ ನೂಲು ಗಂಟು ಹಾಕಲು ಹಳೆಯ ಎಳೆಗಳ ತುದಿ ಉಳಿಸುತ್ತಾರೆ. ಆ ಎಳೆಗಳು ಬಾಗಿಲಿಗೆ ಸಿಕ್ಕಿ ಕಂಡಕ್ಟರ್ ರೇಗುತ್ತಾನೆ.

"ಅಜ್ಜಿ ಮಗ್ಗ ಇದ್ದ ಮೂಲೆ ಕಡೆ ನೋಡೋದೇ ಇಲ್ಲ ಮೇಡಂ. ಈ ಕದೆ ಅವರಿಗೇ. ಅಚ್ಚಾದ ಮೇಲೆ ನೀವೇ ಬಂದು ಓದಿ" ಎಂದಳು.

ಸಂಚಿಕೆ ಅಚ್ಚಾಗಿ ಬಂದ ಕೂಡಲೇ ಅವರ ಮನೆಗೆ ಹೋಗಿ ಓದಿದೆ. ಅಜ್ಜಿ ಎಳೆ ಸಿಕ್ಕಿದ ಜಾಗಕ್ಕೆ ನಕ್ಕರು, ಖಾಲಿ ಮೂಲೆಯತ್ತ ನೋಡಿಯೂಬಿಟ್ಟರು. ಅದೇ ಓಘದಲ್ಲಿ ಕೊನೆಯ ಸಾಲು ನನ್ನ ಬಾಯಿಂದ ಬಂದೇಹೋಯಿತು: "ಅಷ್ಟರಲ್ಲಿ ಎಚ್ಚರವಾಯಿತು, ಎಲ್ಲವೂ ಕನಸು." ನಮ್ಮಿಬ್ಬರಲ್ಲಿ ಯಾರೂ ಬರೆಯದ ಸಾಲು!

"ಮಗ್ಗ ಹೋಗ್ಲೇ ಇಲ್ವಾ ಕಣ್ಣು? ಎಲ್ಲಾ ಸುಳ್ಳಾ?" ಅಜ್ಜಿ ಮೊಮ್ಮಗಳನ್ನು ಕೇಳಿದರು.

"ಹೋಯ್ತು ಅಜ್ಜಿ. ಮೇಡಂ ತಪ್ಪಾ ಓದ್ಬಿಟ್ರು."

ಅಜ್ಜಿ ನಂಬಲಿಲ್ಲ. ಎದ್ದು ಒಳಗೆ ಹೋದರು.

ಮರುದಿನ ಸಂಪಾದಕ ಸಮಿತಿಯ ಅಧ್ಯಕ್ಷರ ಕೋಣೆಗೆ ನುಗ್ಗಿದೆ. ಕೊನೆಯ ಪ್ರೂಫ್ ನೋಡಿದವರು ಅವರೇ.

"ಮಗ್ಗ ಎಲ್ಲಾದರೂ ಬಸ್ ಹತ್ತುತ್ತದೆಯೇ ಮೇಡಂ? ಮಕ್ಕಳಿಗೆ ವೈಚಾರಿಕತೆ ಬೇಡವೇ? ಒಂದು ಸಾಲಿಗೆ ಇಷ್ಟು ಕೋಪವೇ?"

"ಆ ಮಗ್ಗವನ್ನು ಮನೆಯವರು ಒಮ್ಮೆ ಒಲೆಗೆ ಹಾಕಿದ್ದರು ಸಾರ್. ಇನ್ನೊಮ್ಮೆ ಹಾಕಿದವರು ನೀವು."

ಅವರು ಕ್ಷಮೆ ಕೇಳಲಿಲ್ಲ, ನಾನೂ ಮತ್ತೆ ಅವರಿಗೆ ನಮಸ್ಕಾರ ಹೇಳಲಿಲ್ಲ. ಕಥೆಯಲ್ಲಿ ಹೇಳಿದ ಸುಳ್ಳಿಗೆ ಕೊನೆಯಲ್ಲಿ ಹೆದರಬಾರದು. ಹೆದರಿದರೆ ಅದನ್ನು ನಂಬಿದವರು ಒಂಟಿಯಾಗುತ್ತಾರೆ.