ತಾತನ ಹೆಸರಿನ ಸೈಟೇಶನ್‌ಗಳು

ನನ್ನ ಬಲಗೈಯ ಎರಡು ಬೆರಳು ಈಗ ಮಡಚೋದಿಲ್ಲ. ಅನ್ನ ಕಲಸುವಾಗಲೂ ಸೆಟೆದುಕೊಂಡೇ ಇರುತ್ತವೆ. ಯಾರಾದರೂ ಕೇಳಿದರೆ ಬಸ್ಸಿನ ಬಾಗಿಲಿಗೆ ಸಿಕ್ಕಿತು ಅಂತೀನಿ. ಸೈಟೇಶನ್ನಿಗೆ ಸಿಕ್ಕಿತು ಅಂದರೆ ನಂಬೋರು ಯಾರು?

ನಾನು ನಂಜನಗೂಡಿನ ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರೇರಿಯನ್. ಹುಟ್ಟಿ ಬೆಳೆದದ್ದು ತಿ. ನರಸೀಪುರದಲ್ಲಿ. ಈ ಹೆಣ್ಣಿಗೆ ಬಾಯಿ ಜೋರು, ಕೈ ಇನ್ನೂ ಜೋರು ಅಂತ ನಮ್ಮಮ್ಮ ಹೆದರುತ್ತಿದ್ದಳು. ಲೈಬ್ರರಿ ಅಂದರೆ ತಣ್ಣಗಿರೋ ಜಾಗ, ಪುಸ್ತಕದ ಧೂಳು ಹೊಡೆದುಕೊಂಡು ಕೂತಿರೋದು ಅಂತ ಜನ ತಿಳಿದಿರುತ್ತಾರೆ. ಆ ಕಾಲ ಹೋಯಿತು ಕಣ್ರೀ. ಈಗ ಮೇಷ್ಟ್ರುಗಳಿಗೆ ಬಡ್ತಿ ಸಿಗಬೇಕಾದರೆ ಎಷ್ಟು ಪೇಪರು ಬರೆದಿದ್ದಾರೆ, ಆ ಪೇಪರುಗಳನ್ನು ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಅನ್ನೋ ಲೆಕ್ಕ ಬೇಕು. ಹೆಸರಿಸಿದ್ದಕ್ಕೆ ಸೈಟೇಶನ್ ಅಂತಾರೆ. ಐದು ಪೇಪರನ್ನು ತಲಾ ಐದು ಸಲವಾದರೂ ಯಾರಾದರೂ ಹೆಸರಿಸಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಐದು. ಇದನ್ನೆಲ್ಲ ನೋಡಿ, ಹೌದು, ಇವು ಇವರವೇ ಅಂತ ಸಹಿ ಹಾಕಿ ಸೀಲು ಒತ್ತೋದು ನನ್ನ ಕೆಲಸ. ಆ ಒಂದು ಅಂಕಿಗಾಗಿ ಸ್ಟಾಫ್ ರೂಮಿನಲ್ಲಿ ಕಾಲರ್ ಹಿಡಿದವರನ್ನೂ ಟಿಫನ್ ಕ್ಯಾರಿಯರ್ ಎಸೆದವರನ್ನೂ ಕಂಡಿದ್ದೀನಿ.

ಬಾಟನಿಯಲ್ಲಿ ಒಬ್ಬ ಹಿರಿಯ ಮೇಷ್ಟ್ರು. ಪ್ರೊಫೆಸರ್ ಆಗಬೇಕು ಅಂತ ಬಾಯಿ ಬಾಯಿ ಬಿಡುತ್ತಿದ್ದ. ಅವನ ಎಚ್-ಇಂಡೆಕ್ಸ್ ಎರಡಕ್ಕೆ ನಿಂತು ವರ್ಷಗಳೇ ಆಗಿದ್ದವು. ಒಂದು ಬೆಳಿಗ್ಗೆ ಬಂದು ಪ್ರಿಂಟ್ ಹಾಳೆಗಳನ್ನು ನನ್ನ ಮೇಜಿನ ಮೇಲೆ ಬಿಸಾಕಿದ. ಹನ್ನೊಂದು! ಹುತ್ತವೂ ಒಂದು ರಾತ್ರಿಯಲ್ಲಿ ಅಷ್ಟು ಬೆಳೆಯೋದಿಲ್ಲ.

ಪೇಪರುಗಳ ಹೆಸರು ಓದುತ್ತಾ ಹೋದೆ. ಹಳೆಯವೆರಡು ಬಿಟ್ಟರೆ ಎಲ್ಲವೂ ರಸಬಾಳೆ ತೋಟಗಳನ್ನು ತಿಂದು ಹಾಕಿದ ಸೊರಗು ರೋಗದ ಮೇಲೆ, ಆ ರೋಗ ಅಡಗಿರೋ ಮಣ್ಣಿನ ಮೇಲೆ. ಈ ಮನುಷ್ಯ ಶೂಗೆ ಮಣ್ಣಾಗುತ್ತೆ ಅಂತ ತೋಟದ ಬದುವನ್ನೂ ತುಳಿಯದವನು. ಬಾಳೆ ಪೇಪರು ಯಾರದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಚಿಕ್ಕಪ್ಪನ ಮಗನದು. ನಮ್ಮ ಮ್ಯಾನೇಜ್‌ಮೆಂಟಿನದೇ ನರಸೀಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಸ್ಸಿನಲ್ಲಿ ಬಂದು ನನ್ನ ಲೈಬ್ರರಿಯಲ್ಲೇ ಕೂತು ಆ ಪೇಪರುಗಳನ್ನು ಬರೆದವನು.

ಇಬ್ಬರೂ ಬಿಳಿಗೆರೆ ಕಡೆಯವರು. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು ಇಡೋದು ಪದ್ಧತಿ. ದೊಡ್ಡ ಮಗ ಇಟ್ಟ, ಚಿಕ್ಕ ಮಗ ನಾನೇನು ಕಮ್ಮಿ ಅಂತ ತಾನೂ ಇಟ್ಟ. ಇನಿಷಿಯಲ್ಲಿಗೆ ಊರಿನ ಅಕ್ಷರ ಒಂದೇ, ಅಪ್ಪಂದಿರ ಹೆಸರಿನ ಮೊದಲ ಅಕ್ಷರವೂ ಒಂದೇ. ಊರಲ್ಲಿ ದೊಡ್ಡೋನು, ಚಿಕ್ಕೋನು ಅಂತ ಕರೆದರೆ ಆಯಿತು. ಪೇಪರುಗಳ ಲೆಕ್ಕ ಇಡೋ ಕಂಪ್ಯೂಟರಿಗೆ ಏನು ಗೊತ್ತು ಪಾಪ? ಎರಡೂ ಒಂದೇ ಆಳು ಅಂದುಕೊಂಡು, ಈ ಪೇಪರೂ ನಿಮ್ಮದೇನಾ ಅಂತ ದೊಡ್ಡವನನ್ನು ಕೇಳಿತು. ಹೌದು ಅಂತ ಒತ್ತಿದ. ಇದೂ? ಹೌದು. ಇದೂ? ಹೌದು. ಕೈ ಕೆಸರು ತಮ್ಮನದು, ಬಾಯಿ ಮೊಸರು ಅಣ್ಣನದು.

ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆ ವರ್ಷ ನಮ್ಮ ಕಾಲೇಜಿನಲ್ಲಿ ಬಾಟನಿಗೆ ಒಂದು ಕಾಯಂ ಕೆಲಸ ಕರೆದಿದ್ದರು. ಚಿಕ್ಕವನು ಅರ್ಜಿ ಹಾಕಿದ್ದ. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಅವನಿಗಿದ್ದ ಬಲ ಅಂದರೆ ಆ ಬಾಳೆ ಪೇಪರುಗಳೇ. ಒಂದು ಪೇಪರನ್ನು ನಾನು ಒಬ್ಬನಿಗೆ ಮಾತ್ರ ಸರ್ಟಿಫೈ ಮಾಡಬಹುದು. ಅಣ್ಣನಿಗೆ ಸೀಲು ಒತ್ತಿದರೆ ತಮ್ಮ ಕಳ್ಳನಾಗುತ್ತಾನೆ.

ಚಿಕ್ಕವನಿಗೆ ಫೋನ್ ಮಾಡಿದೆ. "ಏನಪ್ಪಾ, ನಿನ್ನ ಬಾಳೆನೆಲ್ಲ ಗೊನೆ ಸಮೇತ ಕಡ್ಕೊಂಡು ಬಂದವ್ನಲ್ಲೋ ನಿಮ್ಮಣ್ಣ!"

"ಅಣ್ಣಯ್ಯ ಗೊತ್ತಿಲ್ದೆ ಒತ್ತಿರಬೇಕು ಮೇಡಂ. ನಾಳೆ ಬತ್ತೀನಿ, ನಾನೇ ಕೇಳ್ತೀನಿ. ನೀವು ಬಯ್ಯಬೇಡಿ" ಅಂದ. ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ, ಅಂಥ ಹುಡುಗ.

ಮಾರನೇ ದಿನ ಮಧ್ಯಾಹ್ನ ಅಣ್ಣನೇ ಮೊದಲು ಬಂದ. ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದ.

"ಸೈನ್ ಹಾಕ್ರೀ."

"ಹಾಕಲ್ಲ. ಆ ಪೇಪರು ನಿಮ್ಮ ತಮ್ಮನವು."

"ನನ್ನ ಹೆಸರಿದೆಯೋ ಇಲ್ವೋ ಅದರಲ್ಲಿ?"

"ನಿಮ್ಮ ತಾತನ ಹೆಸರಿದೆ ಸ್ವಾಮಿ! ತಾತನಿಗೇ ಪ್ರೊಫೆಸರ್ ಪೋಸ್ಟ್ ಕೊಡಿಸೋಣ್ವಾ?"

ಮುಖ ಕೆಂಡ ಆಯಿತು. ಹೆಂಗಸಿಗೆ ಆಡಬಾರದ್ದನ್ನೆಲ್ಲ ಆಡಿದ. ನಾನು ಸೀಲನ್ನು ಡ್ರಾಯರಿನೊಳಗೆ ಇಟ್ಟು ಬೀಗ ಹಾಕೋಣ ಅಂತ ಕೈ ಹಾಕಿದ್ದೆ ಅಷ್ಟೇ. ಮೇಜು ಸುತ್ತಿ ಬಂದು ಮಂಡಿಯಿಂದ ಡ್ರಾಯರನ್ನು ದಬ್ ಅಂತ ಗುದ್ದಿ, ಮೈಭಾರ ಹಾಕಿ ಒತ್ತಿ ಹಿಡಿದ. ಒಣ ಕಬ್ಬು ಮುರಿದ ಹಾಗೆ ಸದ್ದಾಯಿತು. ನನ್ನ ಬೆರಳು.

"ಹಾಕ್ತೀಯೋ ಇಲ್ವೋ?"

ಕಿರುಚಿದೆ. ಎಡಗೈಗೆ ದೊಡ್ಡ ಸ್ಟೇಪ್ಲರ್ ಸಿಕ್ಕಿತು. ಎತ್ತಿ ಅವನ ಹಣೆಗೆ ಬಾರಿಸಿದೆ. ಸುಳ್ಳು ಯಾಕೆ ಹೇಳಲಿ, ಆ ನೋವಿನಲ್ಲೂ ಹಾಯ್ ಅನ್ನಿಸಿತು. ಚರ್ಮ ಸೀಳಿ ಅವನ ಕಣ್ಣಿನ ಮೇಲೆ ರಕ್ತ ಇಳಿಯಿತು. ಅವನು ನನ್ನ ಜಡೆ ಹಿಡಿದು ಮೇಜಿಗೆ ಮುಖ ಒತ್ತಿದ. ನನ್ನ ರಕ್ತ, ಅವನ ರಕ್ತ, ಎರಡೂ ಪ್ರಿಂಟ್ ಹಾಳೆಯ ಮೇಲೆ ಬಿದ್ದವು.

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ತಮ್ಮ ಬಂದ. ನರಸೀಪುರದ ಬಸ್ಸಿಳಿದು ನೇರ ಬಂದಿದ್ದ, ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ನನ್ನ ಕೈ ನೋಡಿದ. ಹಾಳೆ ನೋಡಿದ. ಮೇಲಿನ ಕಪಾಟಿನ ಪುಸ್ತಕ ತೆಗೆಯೋಕೆ ಇಟ್ಟಿದ್ದ ಕಬ್ಬಿಣದ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿದ.

"ಹೌದು ಅಂತ ಒತ್ತಿದೆಯಾ ಅಣ್ಣಯ್ಯಾ?"

ಮೊದಲ ಏಟು ಭುಜಕ್ಕೆ. ಎರಡನೆಯದು ಬಾಯಿಗೆ. ಅವನು ಕೆಳಗೆ ಬಿದ್ದ. ತಮ್ಮ ನಿಲ್ಲಿಸಲಿಲ್ಲ. ಒಂದೊಂದು ಏಟಿಗೂ ಅದೇ ಪ್ರಶ್ನೆ. "ಒತ್ತಿದೆಯಾ? ಒತ್ತಿದೆಯಾ ಅಣ್ಣಯ್ಯಾ?" ನೆಲದ ಮೇಲೆ ಹಲ್ಲುಗಳು ಉರುಳಾಡಿದವು. ಹೊಡೆಯುವಾಗಲೂ ಅಣ್ಣಯ್ಯ ಅನ್ನೋದನ್ನು ಬಿಡಲಿಲ್ಲ.

"ಸಾಕು ಬಿಡೋ! ಸತ್ತೋಗ್ತಾನೆ ಕಣೋ!" ಅಂತ ಅವನ ಸೊಂಟ ತಬ್ಬಿ ಎಳೆದೆ. ಸ್ಟೇಪ್ಲರಿನಲ್ಲಿ ಬಾರಿಸಿದ್ದ ನಾನೇ ಈಗ ತಡೆಯೋಕೆ ಹೋದೆ. ನನಗಾಗಿ ಹೊಡೆದನೋ ಪೇಪರಿಗಾಗಿ ಹೊಡೆದನೋ, ಇವತ್ತಿನವರೆಗೂ ಕೇಳಿಲ್ಲ.

ಸ್ಟೇಷನ್ನಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಹೊಡೆದವನ ಹೆಸರು ಕೇಳಿದರು, ಹೊಡೆಸಿಕೊಂಡವನ ಹೆಸರು ಕೇಳಿದರು. ಎರಡೂ ಒಂದೇ. ಪೆನ್ನು ಎತ್ತಿಕೊಂಡು, "ಅಪ್ಪನ ಪೂರ್ತಿ ಹೆಸರು ಹೇಳ್ರೀ" ಅಂದರು. ಮುಗಿಯಿತು, ಇಬ್ಬರೂ ಬೇರೆ ಬೇರೆ ಆದರು. ಕಂಪ್ಯೂಟರಿನ ಮುಂದೆ ಕೂತಾಗ ಅಣ್ಣನ ಬಾಯಿಂದ ಇದು ನನ್ನದಲ್ಲ ಅನ್ನೋ ಒಂದು ಮಾತು ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ತಮ್ಮನ ಮೇಲೆ ಕೊಲೆ ಯತ್ನದ ಕೇಸು. ಬೆರಳು ಮುರಿದದ್ದಕ್ಕೆ ಅಣ್ಣನ ಮೇಲೆ ನಾನೂ ದೂರು ಕೊಟ್ಟೆ. ತಮ್ಮ ಜೈಲು ನೋಡಿ ಜಾಮೀನಿನ ಮೇಲೆ ಬಂದ. ಕ್ರಿಮಿನಲ್ ಕೇಸಿರೋನಿಗೆ ಕೆಲಸ ಯಾರು ಕೊಡುತ್ತಾರೆ? ಅರ್ಜಿ ಕಸಕ್ಕೆ ಹೋಯಿತು. ಇದ್ದ ಅತಿಥಿ ಕೆಲಸವೂ ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಆಮೇಲೆ ಅವರ ಮನೆಯವರು ರಾಜಿಗೆ ಕೂತರು. ನನ್ನನ್ನೂ ಕರೆಸಿದರು. ಅಣ್ಣ ದವಡೆಗೆ ತಂತಿ ಕಟ್ಟಿಸಿಕೊಂಡು ಸ್ಟ್ರಾನಲ್ಲಿ ರಾಗಿ ಗಂಜಿ ಹೀರುತ್ತಾ ಮೂಲೆಯಲ್ಲಿ ಕೂತಿದ್ದ. ಇಬ್ಬರಿಗೂ ಸೋದರಮಾವನ ವರಸೆಯ ಹಿರಿಯರೊಬ್ಬರು ಮಾತು ತೆಗೆದರು. "ಉಟ್ಟುತ್ತಾ ಅಣ್ತಮ್ಮಂದ್ರು, ಬೆಳೀತಾ ದಾಯಾದಿಗಳು, ಅದು ಇದ್ದದ್ದೇಯ. ಆದ್ರೆ ಕೋರ್ಟಿಗೋದ್ರೆ ಜವಾನ ಮೂರು ಸಲ ಕೂಗೋದು ನಿಮ್ಮಿಬ್ಬರ ಎಸರಲ್ಲ ಕಣ್ರಲಾ, ತಾತನ ಎಸರು. ಆ ಪುಣ್ಯಾತ್ಮ ಏನ್ ತಪ್ಪು ಮಾಡಿದ್ದ?"

ತೀರ್ಮಾನ ಇಷ್ಟು. ಅಣ್ಣ ತಾನು ಏಣಿಯಿಂದ ಬಿದ್ದೆ ಅಂತ ಕೋರ್ಟಿನಲ್ಲಿ ಹೇಳಬೇಕು. ತಮ್ಮ ಬಾಳೆ ಪೇಪರುಗಳನ್ನು ಅಣ್ಣನಿಗೆ ಬಿಟ್ಟುಕೊಡಬೇಕು. ನಾನು ನನ್ನ ದೂರು ವಾಪಸ್ ತೆಗೆದುಕೊಂಡು ಸರ್ಟಿಫಿಕೇಟ್ ಕೊಡಬೇಕು. ನನ್ನ ಬೆರಳಿನ ಮಾತು ಯಾರೂ ಎತ್ತಲಿಲ್ಲ. "ನಿಮ್ಮ ರಾಜಿಗಿಷ್ಟು ಬೆಂಕಿ ಹಾಕ!" ಅಂತ ಕೂಗಾಡಿ ಎದ್ದು ಬಂದೆ.

ವಾರ ಕಳೆದು ತಮ್ಮನೇ ಲೈಬ್ರರಿಗೆ ಬಂದ. ಹೊಸ ಪ್ರಿಂಟ್ ತಂದಿದ್ದ, ರಕ್ತವಿಲ್ಲದ್ದು.

"ಹಾಕಿಬಿಡಿ ಮೇಡಂ."

"ನಾಚಿಕೆ ಆಗಲ್ವೇನೋ ನಿನಗೆ? ಇದಕ್ಕೇ ನಾನು ಬೆರಳು ಮುರಿಸಿಕೊಂಡದ್ದು! ಆ ತೋಟದ ಮಣ್ಣಲ್ಲಿ ಬಿದ್ದು ಹೊರಳಾಡಿದೋನು ನೀನು ಕಣೋ, ಅವನಲ್ಲ!" ಅರಚಿದೆ. ಓದುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

ಅವನು ತಲೆ ಎತ್ತಲಿಲ್ಲ. "ಮಗಳಿನ್ನೂ ಚಿಕ್ಕೋಳು ಮೇಡಂ. ನಾನು ಒಳಗೋದ್ರೆ ಸೈಟೇಶನ್ ಬಂದು ಅವಳಿಗೆ ಅನ್ನ ಹಾಕುತ್ತಾ?"

ನನಗೆ ಅಳು ಬಂತು. ಹೊಡೆದು ಕೇಳಿದಾಗ ಕೊಡದಿದ್ದ ಸಹಿಯನ್ನು ಈ ಹುಡುಗ ಕೈಮುಗಿದು ಕೇಳುತ್ತಿದ್ದ. ಬಲಗೈಯಲ್ಲಿ ಇನ್ನೂ ಪ್ಲಾಸ್ಟರ್ ಇತ್ತು. ಎಡಗೈಗೆ ಪೆನ್ನು ತೆಗೆದುಕೊಂಡೆ. ಬರೆಯೋಕೆ ಹೋದರೆ ಹಾಳೆ ಜಾರಿ ಜಾರಿ ಹೋಗುತ್ತಿತ್ತು, ಹಿಡಿದುಕೊಳ್ಳೋಕೆ ನನಗೆ ಇನ್ನೊಂದು ಕೈ ಇರಲಿಲ್ಲ.

ಅವನು ಮುಂದೆ ಬಗ್ಗಿ ಹಾಳೆಯ ಎರಡೂ ತುದಿ ಒತ್ತಿ ಹಿಡಿದ. ಬೆರಳಿಗೆಲ್ಲ ಬಾಳೆ ಕರೆ ಹತ್ತಿತ್ತು. ನಾನು ಸಹಿ ಹಾಕಿ, ಸೀಲು ಒತ್ತೋವರೆಗೂ ಅಲುಗಾಡದ ಹಾಗೆ ಹಿಡಿದುಕೊಂಡೇ ಇದ್ದ.

"ಸರಿಯಾಗಿ ಬಿತ್ತಾ ಮೇಡಂ?" ಅಂತ ಕೇಳಿದ.

ಸರಿಯಾಗೇ ಬಿದ್ದಿತ್ತು.