ಅತ್ತಿಗೆಯ ಗೊಂಬೆಕುಸ್ತಿ

ಆ ಆಟದಲ್ಲಿ ತರ್ಕವೂ ಇಲ್ಲ, ಮಣ್ಣೂ ಇಲ್ಲ, ಬರೀ ಅದೃಷ್ಟ ಎಂದು ನಾನು ಮೊದಲ ಸಲ ಹೇಳಿದ್ದು ಅತ್ತಿಗೆ ನನ್ನನ್ನು ಸಾಲಾಗಿ ನಾಲ್ಕನೇ ಬಾರಿ ಸೋಲಿಸಿದ ಮಧ್ಯಾಹ್ನ. ಅಣ್ಣ ಊಟದ ಡಬ್ಬಿ ಮುಚ್ಚುತ್ತಿದ್ದವನು ನನ್ನ ಕಡೆ ತಿರುಗಿ, "ಅದೃಷ್ಟ ಹೇಳೋದು ನಾಲ್ಕು ಸಲ ಸಾಲಾಗಿ ಬತ್ತನೇ?" ಎಂದು ಕೇಳಿದ. ನಾನು ಚೀಲ ಎತ್ತಿಕೊಂಡು ಕಾಲೇಜಿಗೆ ಹೊರಟೆ. ಆ ದಿನ ಮಧ್ಯಾಹ್ನ ಕ್ಲಾಸ್ ಇರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಶಿರಸಿಯಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ಅಪ್ಪ ಯಲ್ಲಾಪುರದ ಕಡೆ ಶಾಲಾ ಮಾಸ್ತರು. ಅಪ್ಪ ಅಮ್ಮ ಅಲ್ಲೇ ಇದ್ದರು. ನಾನು ಶಿರಸಿಯ ಬಾಡಿಗೆ ಮನೆಯಲ್ಲಿ ಅಣ್ಣನ ಜೊತೆ ಇದ್ದೆ. ಅಣ್ಣನದು ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಉಪನಯನದ ಕಾಗದ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಎಲ್ಲವೂ ಅಲ್ಲಿ ಟೈಪಾಗುತ್ತಿದ್ದವು. ಎರಡು ಕಂಪ್ಯೂಟರ್ ಇದ್ದವು, ನಡುವೆ ಒಂದು ವಯರು ಎಳೆದು ಜೋಡಿಸಿದ್ದ.

ನನಗೆ ಚೆಸ್ ಕಲಿಸಿದವನು ಅಣ್ಣ. ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿ ಕಪ್ ಗೆದ್ದು ತಂದವಳು ನಾನು. ಭಾನುವಾರ ಬೆಳಿಗ್ಗೆ ಪೇಪರಿನಲ್ಲಿ ಬರುತ್ತಿದ್ದ ಚೆಸ್ ಸಮಸ್ಯೆಯನ್ನು ಇಬ್ಬರೂ ಕೂತು ಬಿಡಿಸುತ್ತಿದ್ದೆವು. ನೆಂಟರು ಬಂದರೆ ಅಣ್ಣ ನನ್ನನ್ನು ತೋರಿಸಿ, ಹೆಂಗಸರನ್ನೂ ಅದು, ಇದು ಎನ್ನುವ ನಮ್ಮ ಮನೆಮಾತಿನಲ್ಲಿ, "ಇದರ ತಲೆ ಯಂಗಿಲ್ಲೆ", ಇವಳ ಬುದ್ಧಿ ನನಗಿಲ್ಲ, ಎನ್ನುತ್ತಿದ್ದ. ಆ ಮಾತು ಕೇಳಲಿಕ್ಕೆಂದೇ ನಾನು ನೆಂಟರ ಎದುರು ಸುಳಿಯುತ್ತಿದ್ದೆ.

ಆ ವರ್ಷ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆ ಸಿದ್ದಾಪುರದ ಮನ್ಮನೆ ಕಡೆಯವಳು. ನನಗಿಂತ ಎರಡೇ ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಓದು ಬಿಟ್ಟಿದ್ದಳು. ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಳಂತೆ. ಎಡ ಮೊಣಕೈ ಮೇಲೆ ಹಳೆಯ ಗಾಯದ ಗುರುತಿತ್ತು. ಮನೆಯಲ್ಲಿ ಒಬ್ಬಳೇ ಕೂತಿರಲು ಬೇಜಾರೆಂದು ಅಂಗಡಿಗೆ ಬಂದು ಕನ್ನಡ ಟೈಪಿಂಗ್ ಕಲಿತಳು. ಒಂದೇ ತಿಂಗಳಲ್ಲಿ ಅಣ್ಣನಿಗಿಂತ ವೇಗವಾಗಿ ಹೊಡೆಯುತ್ತಿದ್ದಳು. ಅದಕ್ಕೂ ನನಗೆ ಸ್ವಲ್ಪ ಉರಿಯಿತ್ತು, ಆದರೆ ಟೈಪಿಂಗ್ ತಾನೇ ಎಂದು ಸುಮ್ಮನಿದ್ದೆ.

ಆಟ ಬಂದದ್ದು ಹುಬ್ಬಳ್ಳಿಯಿಂದ ಅಣ್ಣನ ಗೆಳೆಯನೊಬ್ಬ ತಂದ ಸಿಡಿಯಲ್ಲಿ. ಅದರ ಇಂಗ್ಲಿಷ್ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ನಮಗದು ಗೊಂಬೆಕುಸ್ತಿ. ಗುಂಡು ಗುಂಡು ಕೀಲುಗಳ ಎರಡು ಗೊಂಬೆಗಳು ಎದುರುಬದುರು ನಿಂತಿರುತ್ತವೆ. ಬೇರೆ ಆಟಗಳ ಹಾಗೆ ಗುಂಡಿ ಒತ್ತಿದರೆ ಗುದ್ದುವುದಿಲ್ಲ. ಪ್ರತಿ ಕೀಲಿಗೂ ಹೇಳಬೇಕು: ಮಡಚು, ಚಾಚು, ಬಿಗಿ ಹಿಡಿ, ಸಡಿಲ ಬಿಡು. ಇಬ್ಬರೂ ಹೇಳಿ ಮುಗಿಸಿದ ಮೇಲೆ ಗೊಂಬೆಗಳು ಒಂದು ಕ್ಷಣ ಅಲುಗಿ ಮತ್ತೆ ನಿಂತುಬಿಡುತ್ತವೆ. ಆಗ ಮತ್ತೆ ಯೋಚನೆ. ಭಾರ, ವೇಗ, ಬೀಳುವುದು ಎಲ್ಲ ನಿಜವಾದ ದೇಹದಂತೆಯೇ. ಅಂಗೈ, ಅಂಗಾಲು ಬಿಟ್ಟು ಮೈಯ ಬೇರೆ ಭಾಗ ಮೊದಲು ನೆಲಕ್ಕೆ ತಾಗಿದವರು ಸೋತಂತೆ.

ನಾನು ಭೌತಶಾಸ್ತ್ರದ ವಿದ್ಯಾರ್ಥಿನಿ. ಒಂದು ನೋಟ್‌ಬುಕ್ ಇಟ್ಟು ಗೊಂಬೆಯ ಚಿತ್ರ ಬರೆದು, ಗುರುತ್ವ ಕೇಂದ್ರ ಎಲ್ಲಿ, ಯಾವ ಕೀಲು ತಿರುಗಿಸಿದರೆ ಎಷ್ಟು ಬಲ ಎಂದೆಲ್ಲ ಲೆಕ್ಕ ಹಾಕಿದೆ. ಮೊದಲ ಎರಡು ವಾರ ಅಣ್ಣನನ್ನು ಹೇಗೆ ಬೇಕಾದರೂ ಕೆಡವುತ್ತಿದ್ದೆ. ಅತ್ತಿಗೆ ಕೂತ ಮೊದಲ ದಿನ ಅವಳ ಗೊಂಬೆ ತಾನಾಗಿಯೇ ಕುಸಿದು ಬಿತ್ತು. ಮೂವರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಆಮೇಲೆ ಅವಳು ಒಂದು ಕೆಲಸ ಮಾಡುತ್ತಿದ್ದಳು. ಪ್ರತಿ ಆಟವನ್ನೂ ಕಂಪ್ಯೂಟರಿನಲ್ಲಿ ಉಳಿಸಿಟ್ಟು, ಗಿರಾಕಿಗಳಿಲ್ಲದಾಗ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ, ಆದರೆ ಗೆದ್ದ ಆಟ ಮಾತ್ರ. ಅವಳು ನೋಡುತ್ತಿದ್ದುದು ಸೋತ ಆಟ. ತಿಂಗಳು ಕಳೆಯುವುದರೊಳಗೆ ನನ್ನ ಗೊಂಬೆ ಕಾಲು ಮುಂದಿಟ್ಟದ್ದೇ ತಡ ಅವಳ ಗೊಂಬೆ ಎರಡೂ ಮೊಣಕಾಲು ಸಡಿಲಿಸಿ ಕೆಳಕ್ಕೆ ಇಳಿದು, ನನ್ನ ಗೊಂಬೆಯ ಪಾದದ ಗಂಟನ್ನು ಹಿಡಿಯುತ್ತಿತ್ತು. ನನ್ನ ಎಲ್ಲ ಲೆಕ್ಕ ಮುಗ್ಗರಿಸಿ ಮುಂದಕ್ಕೆ ಬೀಳುತ್ತಿತ್ತು.

ಸೋಲು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅಣ್ಣನ ಕುರ್ಚಿ. ಅದು ಅವಳ ಕಂಪ್ಯೂಟರಿನ ಪಕ್ಕಕ್ಕೆ ಸರಿದಿತ್ತು. ಭಾನುವಾರ ಪೇಪರು ಹಿಡಿದು ಕಾದರೆ, "ನೀ ಬಿಡಿಸ್ತಿರು, ಇದೊಂದು ನೋಡ್ಕಂಡು ಬತ್ತೆ" ಎಂದು ಅಂಗಡಿಯ ಕೀಲಿ ಹಿಡಿದು ಅವಳ ಜೊತೆ ಹೋಗಿಬಿಡುತ್ತಿದ್ದ. ಒಮ್ಮೆ ಭೈರುಂಬೆಯಿಂದ ಬಂದ ದೊಡ್ಡಪ್ಪನ ಎದುರು ಅಣ್ಣ, "ಕಂಪ್ಯೂಟರ್ ಆಟದಲ್ಲಿ ಇದರ ಎದುರು ಯಾರೂ ನಿಲ್ಲದಿಲ್ಲೆ" ಎಂದ. ಬೊಟ್ಟು ಮಾಡಿದ್ದು ಅತ್ತಿಗೆಯ ಕಡೆ. ನಾನು ಕೈಯಲ್ಲಿದ್ದ ಚಾದ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದೆ.

ಆಟ ನಮ್ಮ ಅಂಗಡಿಯಿಂದ ಪೆನ್‌ಡ್ರೈವ್‌ಗಳಲ್ಲಿ ಕಾಲೇಜಿನವರೆಗೂ ಹರಡಿತ್ತು. ವಿಜ್ಞಾನ ಹಬ್ಬದಲ್ಲಿ ಕಂಪ್ಯೂಟರ್ ವಿಭಾಗದವರು ಅದರದ್ದೇ ಸ್ಪರ್ಧೆ ಇಟ್ಟರು. ಹೊರಗಿನವರೂ ಸೇರಬಹುದೆಂದು ನೋಟಿಸಿನಲ್ಲಿತ್ತು. ಅಣ್ಣ ಅತ್ತಿಗೆಯ ಹೆಸರು ಬರೆದು ಅರ್ಜಿಯನ್ನು ನನ್ನ ಕೈಗೇ ಕೊಟ್ಟ. ಅತ್ತಿಗೆ, "ಯಂಗೆ ಅಷ್ಟು ಜನರ ಎದುರು ಆಡಲೆ ಆಗ್ತನ" ಎಂದು ಅನುಮಾನಿಸಿದಳು. ಆದರೆ ಸಂಜೆ ಯಾವ ಸೀರೆ ಉಡಲಿ ಎಂದು ನನ್ನನ್ನೇ ಕೇಳಿದಳು.

ಆ ಅರ್ಜಿಯನ್ನು ನಾನು ಕೊಡಲಿಲ್ಲ. ಎರಡು ದಿನ ಪುಸ್ತಕದೊಳಗೆ ಇಟ್ಟುಕೊಂಡು ತಿರುಗಿದೆ. ಮೂರನೇ ದಿನ ನನ್ನ ಹೆಸರು ಮಾತ್ರ ಕೊಟ್ಟು ಮನೆಗೆ ಬಂದು, "ಜಾಗ ತುಂಬಿಹೋತಡ" ಎಂದೆ. ಅತ್ತಿಗೆ "ಹೋಗ್ಲಿ ಬಿಡು" ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಅಣ್ಣನ ಮುಖ ಮಾತ್ರ ಚಿಕ್ಕದಾಯಿತು.

ಸ್ಪರ್ಧೆಯಲ್ಲಿ ನಾನು ನನ್ನ ಲೆಕ್ಕಗಳನ್ನು ಬಿಟ್ಟು ಅತ್ತಿಗೆಯ ಪಟ್ಟನ್ನೇ ಕದ್ದೆ. ಮೊಣಕಾಲು ಸಡಿಲ, ಕೆಳಗೆ, ಪಾದದ ಗಂಟು. ಮೊದಲ ಇಬ್ಬರು ಹುಡುಗರು ಮುಗ್ಗರಿಸಿ ಬಿದ್ದರು. ಹಿಂದೆ ನಿಂತವರು ಚಪ್ಪಾಳೆ ಹೊಡೆದರು. ಮೂರನೆಯವನು ಪಾಲಿಟೆಕ್ನಿಕ್ ಓದುತ್ತಿದ್ದ ತೆಳ್ಳನೆಯ ಹುಡುಗ. ಅವನ ಗೊಂಬೆ ಮುಂದೆ ಬರಲೇ ಇಲ್ಲ. ನಿಂತಲ್ಲೇ ನಿಂತಿತು. ನನ್ನದು ಹಿಡಿಯಲು ಕಾಲೇ ಸಿಗದೆ ಕುಕ್ಕರಗಾಲಲ್ಲಿ ಕೂತಿತು. ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಪಟ್ಟನ್ನು ಬಾಯಿಪಾಠ ಮಾಡಿದ್ದೆ, ಅದನ್ನು ಯಾಕೆ ಹಾಕುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ. ಅವನು ನಿಧಾನವಾಗಿ ಬಂದು ಭುಜಕ್ಕೆ ಒಂದು ತಳ್ಳು ಕೊಟ್ಟ, ನನ್ನ ಗೊಂಬೆ ಅಂಗಾತ ಬಿತ್ತು.

ಒಂದು ವಾರದ ನಂತರ ಕಂಪ್ಯೂಟರ್ ವಿಭಾಗದ ಮೇಷ್ಟ್ರು ಪ್ರಮಾಣಪತ್ರ ಮಾಡಿಸಲು ನಮ್ಮ ಅಂಗಡಿಗೇ ಬಂದರು. ಅಣ್ಣ ಹೊರಗೆ ಹೋಗಿದ್ದ. ಅತ್ತಿಗೆ ಟೈಪ್ ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಹೆಸರುಗಳನ್ನು ಓದಿ ಹೇಳುತ್ತಿದ್ದೆ.

"ಹನ್ನೊಂದೇ ಹೆಸರಾ ಸರ್?" ಎಂದು ಅತ್ತಿಗೆ ಕೇಳಿದಳು.

"ಹದಿನಾರು ಜನಕ್ಕೆ ವ್ಯವಸ್ಥೆ ಮಾಡಿದ್ವಿ. ಕೊನೇ ದಿನದ ತನಕ ಕಾದರೂ ಹನ್ನೊಂದೇ ಬಂತು" ಎಂದರು ಅವರು.

ಅತ್ತಿಗೆಯ ಬೆರಳುಗಳು ಒಂದು ಗಳಿಗೆ ನಿಂತವು. ಆಮೇಲೆ ನನ್ನ ಹೆಸರನ್ನು ಒಂದೂ ತಪ್ಪಿಲ್ಲದೆ ಹೊಡೆದಳು. ಮೇಷ್ಟ್ರು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನೀ 'ಹೋಪದು ಬ್ಯಾಡ' ಹೇಳಿದ್ರೆ ಆನು ಹೋಗ್ತಿರ್ಲಿಲ್ಲೆ. ಸುಳ್ಳು ಎಂತಕೆ ಹೇಳಿದೆ?"

ನನ್ನ ಬಾಯಿಂದ ಬಂದದ್ದು, "ನೀ ಗೆಲ್ತಿದ್ದೆ, ಅದಕ್ಕೇ." ಅಷ್ಟು ನಿಜವನ್ನು ಹೇಳುತ್ತೇನೆಂದು ನಾನೇ ಅಂದುಕೊಂಡಿರಲಿಲ್ಲ.

ಅವಳು ಅಣ್ಣನಿಗೆ ಹೇಳಲಿಲ್ಲ. ನನ್ನ ಜೊತೆ ಆಡುವುದನ್ನು ಮಾತ್ರ ನಿಲ್ಲಿಸಿದಳು. ಊಟ ಬಡಿಸುತ್ತಿದ್ದಳು, ತಲೆ ಬಾಚಿಕೊಡುತ್ತಿದ್ದಳು, ಆಟಕ್ಕೆ ಕರೆದರೆ ಕೆಲಸವಿದೆ ಎನ್ನುತ್ತಿದ್ದಳು. ಅವಳು ಅಣ್ಣನ ಜೊತೆ ಆಡುವುದನ್ನು ನಾನು ಕೌಂಟರಿನಲ್ಲಿ ಕೂತು ನೋಡಬೇಕಿತ್ತು. ತಪ್ಪು ನನ್ನದೆಂದು ಗೊತ್ತಿದ್ದರೂ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಸುಮಾರು ಮೂರು ತಿಂಗಳಾದ ಮೇಲೆ, ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಅಣ್ಣನಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿ, "ನಿನ್ನ ಅತ್ತಿಗೆ ಆ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿತ್ತು" ಎಂದ. ಬಯ್ದಿದ್ದರೆ ಚೆನ್ನಾಗಿತ್ತು.

ವಾಪಸು ಬಂದ ದಿನ ಅತ್ತಿಗೆಯ ಎದುರು ನಿಂತು, "ಅಣ್ಣಂಗೆ ಹೇಳಿದ್ದೆ. ಯನ್ನಿಂದ ತಪ್ಪಾತು" ಎಂದೆ. ಅವಳು, "ಸ್ಪರ್ಧೆಯ ಆ ಮೂರನೇ ಆಟದಲ್ಲಿ ಎಂತ ಆತು?" ಎಂದು ಕೇಳಿದಳು. ಹೇಳಿದೆ. ಅವಳು ತಲೆಯಾಡಿಸಿದಳು.

"ನೀ ಎದುರಿನ ಗೊಂಬೆ ಬದಿಗೆ ನೋಡ್ತೇ ಇಲ್ಲೆ. ನಿಂದು ಯಾವಾಗ್ಲೂ ಬಲಗೈ ಎತ್ತಿದ ಮೇಲೇ ಕಾಲು ಮುಂದಿಡ್ತು. ಅದು ಗೊತ್ತಾದ ಮೇಲೇ ಆನು ಕೆಳಗೆ ಇಳಿದದ್ದು. ನಿನ್ನ ಅಣ್ಣನ ಎದುರು ಹಾಂಗೆ ಮಾಡಿದ್ರೆ ಆನೇ ಬೀಳ್ತಿದ್ದೆ."

ಅಂದರೆ ನನ್ನ ವಿರುದ್ಧ ಒಂದು, ಅಣ್ಣನ ವಿರುದ್ಧ ಇನ್ನೊಂದು. ನಾನು ನೋಟ್‌ಬುಕ್ ತುಂಬ ನನ್ನ ಗೊಂಬೆಯನ್ನೇ ಬರೆದುಕೊಂಡಿದ್ದಾಗ ಅವಳು ನನ್ನನ್ನು ಓದಿದ್ದಳು. ಚೆಸ್ ಬೋರ್ಡಿನ ಎದುರು ಅಣ್ಣ ನನಗೆ ನೂರು ಸಲ ಹೇಳಿಕೊಟ್ಟದ್ದೂ ಅದನ್ನೇ.

ಮರುವರ್ಷ ಕಾಲೇಜಿನಲ್ಲಿ ಆ ಸ್ಪರ್ಧೆ ಇಡಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಅಷ್ಟರಲ್ಲಿ ಅತ್ತಿಗೆಗೆ ಮಗಳು ಹುಟ್ಟಿದ್ದಳು, ಆಟದ ಸುದ್ದಿ ಎತ್ತುವವರೂ ಇರಲಿಲ್ಲ. ಜನರ ಎದುರು ಅವಳು ಒಮ್ಮೆಯೂ ಆಡಲಿಲ್ಲ. ಈಗಲೂ ಹಬ್ಬಕ್ಕೆ ಸೇರಿದಾಗ ಅಣ್ಣ ಯಾರ ಹತ್ತಿರವಾದರೂ ಅವಳ ಬಗ್ಗೆ ಹೆಮ್ಮೆಯಿಂದ ಮಾತಾಡಿದರೆ ನನ್ನೊಳಗೆ ಏನೋ ಚುಚ್ಚುತ್ತದೆ. ಅತ್ತಿಗೆಗೆ ಅದು ಗೊತ್ತಾಗುತ್ತದೆ. ಅಡುಗೆಮನೆಯಿಂದ, "ಬಾರೇ ತಂಗಿ, ಕಾಯಿ ತುರಿದುಕೊಡು" ಎಂದು ಕರೆಯುತ್ತಾಳೆ. ನಾನು ಎದ್ದು ಹೋಗುತ್ತೇನೆ.